ಅಮ್ಮನ ಮೊಣಕಾಲಿಗೆ ಕರೆಂಟ್ ಕೊಡಿಸ್ತಾ ಇದ್ದೇವೆ. ಮುಂದುವರಿಸುವುದಾ, ಬಿಡುವುದಾ?

ಬಿಜೈಯ ಮಗಳು · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 64 ವರ್ಷ. ಮೂವತ್ತು ವರ್ಷಕ್ಕಿಂತ ಜಾಸ್ತಿ ಬೀಡಿ ಕಟ್ಟಿದವರು. ನೆಲದಲ್ಲಿ ಕಾಲು ಮಡಚಿ, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು, ಬೆಳಿಗ್ಗೆಯಿಂದ ಸಂಜೆವರೆಗೆ. ನಮ್ಮ ಮೂವರ ಓದು ಅದರಲ್ಲೇ ಆದದ್ದು. ಈಗ ಎರಡೂ ಮೊಣಕಾಲು ನೋವು, ಬಲಗಾಲು ಜಾಸ್ತಿ. ಎಕ್ಸ್‌ರೇ ನೋಡಿದ ಡಾಕ್ಟ್ರು, ಸವೆತ ಉಂಟು, ಆಪರೇಷನ್ ಮಾಡುವ ಹಂತ ಅಲ್ಲ, ಫಿಸಿಯೋಥೆರಪಿ ಮಾಡಿಸಿ ಎಂದರು.

ಹನ್ನೆರಡು ಸಿಟ್ಟಿಂಗ್ ಆಯಿತು. ಹೋದ ಕೂಡಲೇ ಮಂಚದಲ್ಲಿ ಮಲಗಿಸುತ್ತಾರೆ. ಮೊಣಕಾಲಿನ ಸುತ್ತ ನಾಲ್ಕು ರಬ್ಬರ್ ಪ್ಯಾಡ್ ಇಟ್ಟು ಬೆಲ್ಟ್ ಕಟ್ಟುತ್ತಾರೆ. ಮೆಷಿನ್ ಆನ್ ಮಾಡಿ ಪರದೆ ಎಳೆದು ಹೋಗುತ್ತಾರೆ. ಇಪ್ಪತ್ತು ನಿಮಿಷ ಕಳೆದು ಶಬ್ದ ಬಂದಾಗ ಬಿಚ್ಚುತ್ತಾರೆ. ಅಷ್ಟೇ. ಇದಕ್ಕೆ ಐಎಫ್‌ಟಿ ಅಂತ ಹೆಸರು ಎಂದು ಬಿಲ್ ನೋಡಿ ಗೊತ್ತಾಯಿತು. ಒಂದು ವ್ಯಾಯಾಮವನ್ನೂ ಹೇಳಿಕೊಟ್ಟಿಲ್ಲ. ಕ್ಲಿನಿಕ್‌ನ ಹೆಸರು ಬರೆಯುವುದಿಲ್ಲ. ದೂರು ಹೇಳಲು ಬಂದದ್ದಲ್ಲ, ದಾರಿ ಕೇಳಲು ಬಂದದ್ದು.

ಜುಂ ಜುಂ ಎನ್ನುವಾಗ ಹಿತವಾಗುತ್ತದೆ ಎನ್ನುತ್ತಾರೆ ಅಮ್ಮ. ಮನೆಗೆ ಬರುವಾಗ ಕಾಲು ಹಗುರ. ರಾತ್ರಿ ಊಟಕ್ಕೆ ಬಡಿಸುವ ಹೊತ್ತಿಗೆ ಪುನಃ ಅದೇ ನೋವು. ಹೀಗೆ ಎಷ್ಟು ದಿನ ಅಂತ ಹೋಗುವುದು?

ಪಕ್ಕದ ಮನೆಯವರು, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಮೆಷಿನ್ ಆನ್‌ಲೈನಿನಲ್ಲಿ ಸಿಗುತ್ತದೆ, ಮನೆಯಲ್ಲೇ ಹಾಕಿಕೊಳ್ಳಬಹುದು ಎನ್ನುತ್ತಾರೆ. ಟೆನ್ಸ್ ಅಂತೆ. ತೆಗೆದುಕೊಳ್ಳುವುದಾ? ತಂದರೆ ಅಪ್ಪನೂ ಸೊಂಟಕ್ಕೆ ಹಾಕಿಕೊಳ್ಳುತ್ತೇನೆ ಎಂದು ಕಾಯುತ್ತಾ ಇದ್ದಾರೆ. ಅಪ್ಪನಿಗೆ ಎರಡು ವರ್ಷದ ಹಿಂದೆ ಪೇಸ್‌ಮೇಕರ್ ಹಾಕಿದ್ದಾರೆ. ಅಮ್ಮನಿಗೆ ಶುಗರ್ ಉಂಟು, ಪಾದ ಉರಿ ಬೇರೆ. ಅಲ್ಲಿಗೂ ಇಡಬಹುದಾ?

ಕಾಪುವಿನ ಫಿಸಿಯೋ · ಭಾನುವಾರ ರಾತ್ರಿ

ಮೊದಲು ಒಂದು ಮಾತು, ಉಳಿದದ್ದನ್ನು ನಾಳೆ ಸರಿಯಾಗಿ ಬರೆಯುತ್ತೇನೆ. ಅಪ್ಪನಿಗೆ ಆ ಮೆಷಿನ್ ಬೇಡ. ಸೊಂಟಕ್ಕೂ ಬೇಡ, ಕಾಲಿಗೂ ಬೇಡ. ಪೇಸ್‌ಮೇಕರ್ ಹೃದಯದ ಮಿಡಿತವನ್ನು ಕೇಳಿಸಿಕೊಂಡು ಕೆಲಸ ಮಾಡುವ ಯಂತ್ರ. ಹೊರಗಿನಿಂದ ಬಂದ ಕರೆಂಟಿನ ಮಿಡಿತವನ್ನೇ ಹೃದಯದ ಮಿಡಿತ ಎಂದು ಅದು ತಪ್ಪು ತಿಳಿದುಕೊಳ್ಳಬಹುದು. ಹೃದಯದ ಡಾಕ್ಟ್ರು ನೋಡಿ ಒಪ್ಪದೆ ಮುಟ್ಟಲೇಬಾರದು. ಅಮ್ಮ ಅದೇ ಮನೆಯಲ್ಲಿ ತಮ್ಮ ಕಾಲಿಗೆ ಹಾಕಿಕೊಂಡರೆ ಅಪ್ಪನಿಗೆ ಏನೂ ಆಗುವುದಿಲ್ಲ, ಆ ಹೆದರಿಕೆ ಬೇಡ.

ಇನ್ನೊಂದು. ಅಪ್ಪ ಅಮ್ಮನ ಜೊತೆ ಕ್ಲಿನಿಕ್ಕಿಗೆ ಬರುತ್ತಾರಾ? ಅಲ್ಲಿ ಶಾರ್ಟ್‌ವೇವ್ ಡಯಾಥರ್ಮಿ ಎಂಬ ಬಿಸಿ ಕೊಡುವ ದೊಡ್ಡ ಮೆಷಿನ್ ಇರಬಹುದು. ಅದು 27.12 ಮೆಗಾಹರ್ಟ್ಸ್‌ನ ರೇಡಿಯೋ ಅಲೆಯಲ್ಲಿ ನಡೆಯುವುದು. ಪೇಸ್‌ಮೇಕರ್ ಇರುವವರು ಅದರ ಹತ್ತಿರವೂ ಕೂರಬಾರದು. ಅಪ್ಪ ಹೊರಗಿನ ಬೆಂಚಿನಲ್ಲೇ ಕೂರಲಿ. ಪೇಸ್‌ಮೇಕರ್ ಉಂಟು ಎಂದು ರಿಸೆಪ್ಷನ್‌ನಲ್ಲಿ ಹೇಳಿ.

ಬಿಜೈಯ ಮಗಳು · ಭಾನುವಾರ ರಾತ್ರಿ

ದೇವರೇ. ಅಪ್ಪ ದಿನಾ ಅಮ್ಮನ ಮಂಚದ ಪಕ್ಕದ ಸ್ಟೂಲಿನಲ್ಲೇ ಕೂತುಕೊಳ್ಳುತ್ತಿದ್ದರು. ಆಚೆ ಪರದೆಯಲ್ಲಿ ಯಾರಿಗೋ ಬಿಸಿ ಕೊಡುತ್ತಿದ್ದರು. ತುಂಬಾ ಉಪಕಾರ ಮೇಡಂ.

ಪುತ್ತೂರಿನ ತೋಟದವ · ಸೋಮವಾರ ಬೆಳಿಗ್ಗೆ

ಅಕ್ಕ, ನನ್ನದು ಭುಜದ ನೋವು. ಅಡಿಕೆ ತೋಟಕ್ಕೆ ಮದ್ದು ಬಿಡುವ ಕೆಲಸ, ಮಳೆಗಾಲ ಇಡೀ ಕತ್ತು ಮೇಲೆ, ಕೈ ಮೇಲೆ. ಎರಡು ವರ್ಷ ಹಿಂದೆ ಟೆನ್ಸ್ ಮೆಷಿನ್ ತರಿಸಿದೆ. ಮೊದಲ ಒಂದು ತಿಂಗಳು ಏನೂ ಗುಣ ಕಾಣಲಿಲ್ಲ. ಎತ್ತಿಟ್ಟುಬಿಟ್ಟಿದ್ದೆ.

ಆಮೇಲೆ ಒಬ್ಬರು ಫಿಸಿಯೋ ನನ್ನ ಭುಜ ಮುಟ್ಟಿ ನೋಡಿ ಒಂದೇ ಪ್ರಶ್ನೆ ಕೇಳಿದರು. ಎಣ್ಣೆ ಹಚ್ಚುತ್ತೀರಾ? ಹೌದು, ದಿನಾ ಬೆಳಿಗ್ಗೆ ತೈಲ ತಿಕ್ಕಿಕೊಂಡೇ ಪ್ಯಾಡ್ ಅಂಟಿಸುತ್ತಿದ್ದೆ. ಎರಡೂ ಸೇರಿದರೆ ಜಾಸ್ತಿ ಒಳ್ಳೆಯದು ಎಂದುಕೊಂಡಿದ್ದೆ. ಎಣ್ಣೆ ಕರೆಂಟನ್ನು ತಡೆಯುತ್ತದೆ, ಪ್ಯಾಡಿನ ಅಂಟೂ ಹಾಳು ಎಂದರು. ಸೋಪಿನಲ್ಲಿ ತೊಳೆದು, ಒರಸಿ, ಮತ್ತೆ ಹಾಕಿದಾಗಲೇ ಅದರ ನಿಜವಾದ ಜುಮ್ಮೆನ್ನುವಿಕೆ ಗೊತ್ತಾದದ್ದು. ನಮ್ಮ ಕಡೆ ಎಣ್ಣೆ ಹಚ್ಚದ ಗಂಟುನೋವು ಯಾರದ್ದುಂಟು ಹೇಳಿ? ಅಮ್ಮನಿಗೂ ಇದೇ ಆಗುತ್ತಾ ಇರಬಹುದು, ಒಮ್ಮೆ ಕೇಳಿ.

ಮಣಿಪಾಲದ ವಿದ್ಯಾರ್ಥಿ · ಸೋಮವಾರ ಮಧ್ಯಾಹ್ನ

ನಾನು ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ ಓದುತ್ತಿದ್ದೇನೆ. ಈ ವಿಷಯ ನನಗೆ ತುಂಬಾ ಇಷ್ಟ, ಸ್ವಲ್ಪ ಉದ್ದ ಆದರೆ ಕ್ಷಮಿಸಿ.

ನೋವಿಗೆ ಕರೆಂಟ್ ಕೊಡುವುದು ಮೆಷಿನ್ ಬಂದ ಮೇಲೆ ಶುರುವಾದದ್ದಲ್ಲ. ಸುಮಾರು 2000 ವರ್ಷದ ಹಿಂದೆ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಶಾಕ್ ಹೊಡೆಯುವ ಮೀನನ್ನು ಮದ್ದಾಗಿ ಬರೆದಿದ್ದಾನೆ. ಪಾದದ ಗೌಟ್ ನೋವಿಗೆ, ಒದ್ದೆ ಸಮುದ್ರ ದಂಡೆಯಲ್ಲಿ ನಿಂತು ಜೀವಂತ ಟಾರ್ಪಿಡೋ ಮೀನನ್ನು ಕಾಲಡಿ ಇಟ್ಟುಕೊಳ್ಳಬೇಕು, ಮೊಣಕಾಲಿನವರೆಗೆ ಜೋಮು ಹಿಡಿಯುವ ತನಕ. ತೊರಕೆ ಮೀನಿನ ದೂರದ ಬಂಧು ಅದು. ಶಾಕ್ ಕೊಡುವ ಆ ಜಾತಿಯ ಮೀನುಗಳು ನಮ್ಮ ಅರಬ್ಬೀ ಸಮುದ್ರದಲ್ಲೂ ಇವೆ.

ಯಾಕೆ ನೋವು ಇಳಿಯುತ್ತದೆ ಎಂಬುದಕ್ಕೆ ಒಂದು ಗಟ್ಟಿ ಉತ್ತರ ಸಿಕ್ಕಿದ್ದು 1965ರಲ್ಲಿ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು, ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲು ಇದೆ ಎಂದು ಬರೆದರು. ಸ್ಪರ್ಶದ ನರಗಳು ದಪ್ಪ, ಅವುಗಳಲ್ಲಿ ಸುದ್ದಿ ವೇಗವಾಗಿ ಹೋಗುತ್ತದೆ. ನೋವಿನ ನರಗಳು ತೆಳು, ನಿಧಾನ. ಸ್ಪರ್ಶದ ಸುದ್ದಿ ತುಂಬಿ ಬಂದಾಗ ನೋವಿನ ಸುದ್ದಿಗೆ ಬಾಗಿಲು ಅರ್ಧ ಮುಚ್ಚುತ್ತದೆ. ಮಂಚದ ಕಾಲಿಗೆ ಬೆರಳು ಬಡಿದರೆ ನಾವು ಕೂಡಲೇ ಉಜ್ಜಿಕೊಳ್ಳುವುದಿಲ್ವಾ? ಅದೇ ಕೆಲಸವನ್ನು ಟೆನ್ಸ್ ಸೆಕೆಂಡಿಗೆ 80–100 ಸಲ ಮಾಡುತ್ತದೆ. ವೇಗ ಕಡಿಮೆ ಮಾಡಿ, ಸೆಕೆಂಡಿಗೆ 2–4 ಸಲ, ಸ್ನಾಯು ಹಾರುವಷ್ಟು ಜೋರಾಗಿ ಕೊಟ್ಟರೆ ದಾರಿ ಬೇರೆ. ಆಗ ದೇಹ ತನ್ನದೇ ನೋವಿನ ಮದ್ದಾದ ಎಂಡಾರ್ಫಿನ್ ಬಿಡುತ್ತದೆ.

ಆದರೆ ಒಂದು ವಿಷಯ ನನ್ನನ್ನು ಕಾಡುತ್ತದೆ. ಯಾವ ರೋಗಕ್ಕೆ ಯಾವ ಚಿಕಿತ್ಸೆ ಎಂದು ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಟೆನ್ಸ್, ಐಎಫ್‌ಟಿ ಕೊಡಬೇಡಿ ಎಂದು ಬರೆಯಿತು. 2022ರಲ್ಲಿ ಮೊಣಕಾಲಿನಂಥ ಸವೆತಕ್ಕೂ ಬೇಡ ಎಂದಿತು. ವ್ಯಾಯಾಮ ಮಾಡಿಸಿ, ತೂಕ ಇಳಿಸಿ ಎಂದಿತು. ನಾವು ಇಲ್ಲಿ ದಿನಾ ಅದನ್ನೇ ಕೊಡುತ್ತಾ ಇದ್ದೇವಲ್ಲ?

ಬಿಜೈಯ ಮಗಳು · ಸೋಮವಾರ ಸಂಜೆ

ಹಾಗಾದರೆ ಇಷ್ಟು ದಿನ ಹೋದದ್ದು ಸುಮ್ನೆಯಾ? ಅಮ್ಮನಿಗೆ ಹಿತ ಆದದ್ದಂತೂ ನಿಜ. ಅವರು ಸುಳ್ಳು ಹೇಳುವವರಲ್ಲ.

ಕಾಪುವಿನ ಫಿಸಿಯೋ · ಸೋಮವಾರ ರಾತ್ರಿ

ಸುಮ್ನೆ ಅಲ್ಲ. ಆದರೆ ಅರ್ಧ ಕೆಲಸ ಮಾತ್ರ ಆಗಿದೆ. ನಾನು ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುವವಳು, ಮನಸ್ಸು ಬಿಚ್ಚಿ ಹೇಳುತ್ತೇನೆ.

ವಿದ್ಯಾರ್ಥಿ ತಮ್ಮ ಹೇಳಿದ ನೈಸ್ ಮಾತು ನಿಜ. ಅದೇ 2022ರಲ್ಲಿ ಇನ್ನೊಂದು ದೊಡ್ಡ ಅಧ್ಯಯನವೂ ಬಂತು. ಟೆನ್ಸ್ ಮೇಲಿನ 381 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ್ದು. ಕರೆಂಟ್ ಬಾರದ ಸುಳ್ಳು ಮೆಷಿನ್ ಹಾಕಿದವರಿಗಿಂತ ನಿಜವಾದದ್ದು ಹಾಕಿದವರಿಗೆ ನೋವು ಕಡಿಮೆ ಎಂದು ಕಂಡಿತು. ಯಾವಾಗ? ಹಾಕಿಕೊಂಡಿರುವಾಗ, ಮತ್ತು ತೆಗೆದ ಕೂಡಲೇ. ನಿಮ್ಮ ಅಮ್ಮ ಹೇಳಿದ್ದೂ ಅದನ್ನೇ ಅಲ್ವಾ? ಬಿಚ್ಚಿದಾಗ ಹಗುರ, ರಾತ್ರಿ ಪುನಃ ನೋವು. ಈ ಎರಡು ಮಾತು ಒಂದಕ್ಕೊಂದು ಜಗಳವಾಡುವುದಿಲ್ಲ. ಕರೆಂಟ್ ಸವೆದ ಮೂಳೆಯನ್ನು ತುಂಬುವುದಿಲ್ಲ. ಸ್ವಲ್ಪ ಹೊತ್ತು ನೋವು ಇಳಿಸಿಕೊಡುತ್ತದೆ. ಆ ಹೊತ್ತಿನಲ್ಲಿ ನಾವು ಏನು ಮಾಡುತ್ತೇವೆ ಎಂಬುದೇ ಚಿಕಿತ್ಸೆ.

ಐಎಫ್‌ಟಿ ಹೇಗೆ ಎಂದರೆ, ಒಂದು ಜೊತೆ ಪ್ಯಾಡಿನಲ್ಲಿ ಸೆಕೆಂಡಿಗೆ 4000 ಸಲ ಏರಿಳಿಯುವ ಕರೆಂಟ್, ಇನ್ನೊಂದು ಜೊತೆಯಲ್ಲಿ 4100. ಅಷ್ಟು ವೇಗದ ಕರೆಂಟನ್ನು ಚರ್ಮ ಹೆಚ್ಚು ತಡೆಯುವುದಿಲ್ಲ, ಹಾಗಾಗಿ ಚುಚ್ಚುವುದೂ ಕಡಿಮೆ. ಎರಡೂ ಅಡ್ಡ ಹಾಯುವ ಕಡೆ, ವ್ಯತ್ಯಾಸದ ಲೆಕ್ಕದಲ್ಲಿ, ಸೆಕೆಂಡಿಗೆ 100 ಸಲದ ಮಿಡಿತ ಹುಟ್ಟುತ್ತದೆ. ಅದಕ್ಕೇ ನಾಲ್ಕು ಪ್ಯಾಡನ್ನು ಅಡ್ಡಡ್ಡ ಇಡುವುದು. ಒಳ್ಳೆಯ ಮೆಷಿನ್ನೇ. ಆದರೆ ಮಲಗಿಸಿ ಹಾಕಿ, ಬಿಚ್ಚಿ, ಮನೆಗೆ ಕಳಿಸಿದರೆ ನೋವಿಲ್ಲದ ಆ ಒಂದು ಗಂಟೆ ಬಸ್‌ಸ್ಟಾಪಿನಲ್ಲೇ ಮುಗಿದುಹೋಗುತ್ತದೆ.

ನನ್ನ ರೋಗಿಗಳಿಗೆ ಪ್ಯಾಡ್ ಬಿಚ್ಚಿದ ಮೇಲೆ ಅಸಲು ಕೆಲಸ. ಮೊಣಕಾಲಿನ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತುವುದು. ತೊಡೆ ಬಿಗಿ ಮಾಡಿ ಐದು ಎಣಿಸುವುದು. ಕಾಲು ನೇರ ಎತ್ತುವುದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಕೊನೆಯದ್ದು ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ದಿನಕ್ಕೆ ಮೂವತ್ತು ಸಲ ಬೇಕಾಗುವ ಕೆಲಸ ಅದು. ತೊಡೆಯ ಮುಂದಿನ ಸ್ನಾಯು ಗಟ್ಟಿಯಾದರೆ ಮೊಣಗಂಟಿನ ಮೇಲಿನ ಭಾರ ಅದು ಹೊರುತ್ತದೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಕಡಿಮೆ.

ಅಮ್ಮ ಈಗಲೂ ಬೀಡಿ ಕಟ್ಟುತ್ತಾರಾ? ಕಟ್ಟುವುದಾದರೆ ಕುರ್ಚಿಯಲ್ಲಿ ಕೂತು, ಎದುರು ಮೇಜಿನಲ್ಲಿ ತಡ್ಪೆ ಇಟ್ಟು ಕಟ್ಟಲಿ. ಅರ್ಧ ಗಂಟೆಗೊಮ್ಮೆ ಏಳಲಿ.

ಪಾದ ಉರಿಯ ಮಾತು. ಶುಗರಿನಿಂದ ಪಾದದ ಸ್ಪರ್ಶ ಕಡಿಮೆ ಆಗಿದ್ದರೆ ಕರೆಂಟ್ ಎಷ್ಟು ಜೋರಾಗಿದೆ ಎಂದು ಅವರಿಗೆ ಗೊತ್ತಾಗುವುದಿಲ್ಲ. ಚರ್ಮ ಸುಟ್ಟರೂ ತಿಳಿಯದು. ಮೊದಲು ಕಣ್ಣು ಮುಚ್ಚಿಸಿ ಹತ್ತಿಯಲ್ಲಿ ಸವರಿ ಪರೀಕ್ಷೆ ಮಾಡಬೇಕು. ಅಲ್ಲಿಯವರೆಗೆ ಪಾದಕ್ಕೆ ಬೇಡ.

ಅಂಬಲಪಾಡಿಯ ಸೊಸೆ · ಮಂಗಳವಾರ ಬೆಳಿಗ್ಗೆ

ನಮ್ಮ ಅತ್ತೆಯ ಅನುಭವ ಸ್ವಲ್ಪ ಬೇರೆ. ಮೊಣಕಾಲು ಬದಲಾಯಿಸುವ ಆಪರೇಷನ್ ಆದ ಮೇಲೆ ತೊಡೆ ಅವರ ಮಾತೇ ಕೇಳುತ್ತಿರಲಿಲ್ಲ. ಕಾಲು ಎತ್ತಿ ಎಂದರೆ ಮುಖ ಬಿಗಿ ಆಗುತ್ತಿತ್ತು, ಕಾಲು ಮಾತ್ರ ಹಾಸಿಗೆಯಲ್ಲೇ. ಆಗ ಫಿಸಿಯೋ ತೊಡೆಗೆ ಎರಡು ದೊಡ್ಡ ಪ್ಯಾಡ್ ಇಟ್ಟು ಸ್ನಾಯುವೇ ಎಳೆಯುವ ಹಾಗೆ ಕರೆಂಟ್ ಕೊಟ್ಟರು. ಹತ್ತು ಸೆಕೆಂಡ್ ಬಿಗಿ, ಐವತ್ತು ಸೆಕೆಂಡ್ ಬಿಡುವು. ಪ್ರತಿ ಸಲವೂ "ನೀವೂ ಬಿಗಿ ಮಾಡಿ ಅಮ್ಮ, ಮೆಷಿನ್ ಒಂದೇ ಮಾಡಬಾರದು" ಎನ್ನುತ್ತಿದ್ದರು. ಮೂರನೇ ವಾರದಲ್ಲಿ ಅತ್ತೆ ತಾವೇ ಕಾಲು ಎತ್ತಿದರು. ನಾವಿಬ್ಬರೂ ಅತ್ತುಬಿಟ್ಟೆವು.

ಇದೂ ಅದೂ ಒಂದೇನಾ ಮೇಡಂ?

ಕಾಪುವಿನ ಫಿಸಿಯೋ · ಮಂಗಳವಾರ ಮಧ್ಯಾಹ್ನ

ಒಂದೇ ಅಲ್ಲ, ಮತ್ತು ಈ ವ್ಯತ್ಯಾಸ ಎಲ್ಲರಿಗೂ ಗೊತ್ತಿರಬೇಕು. ಟೆನ್ಸ್, ಐಎಫ್‌ಟಿ ನೋವು ಇಳಿಸಲಿಕ್ಕೆ. ಅತ್ತೆಗೆ ಕೊಟ್ಟದ್ದು ಸ್ನಾಯುವನ್ನು ಕೆಲಸಕ್ಕೆ ಎಬ್ಬಿಸುವ ಕರೆಂಟ್. ಮೊಣಕಾಲು ಬದಲಾಯಿಸಿದ ಮೊದಲ ತಿಂಗಳಲ್ಲಿ ತೊಡೆಯ ಶಕ್ತಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಆಪರೇಷನ್ ಆಗಿ 48 ಗಂಟೆಯಲ್ಲೇ ಇಂಥ ಕರೆಂಟ್ ಶುರು ಮಾಡಿದವರ ತೊಡೆ ಬೇಗ ಚೇತರಿಸಿತು ಎಂದು 2012ರ ಒಂದು ಪ್ರಯೋಗ ತೋರಿಸಿತ್ತು. ಸ್ಟ್ರೋಕ್ ಆಗಿ ಕೈ ಬಿದ್ದವರಿಗೆ, ನಡೆಯುವಾಗ ಪಾದ ಎಳೆಯುವವರಿಗೆ ಕೊಡುವುದೂ ಈ ಜಾತಿಯದ್ದೇ. ಪಾದ ಎತ್ತುವ ನರಕ್ಕೆ ನಡಿಗೆಯ ಜೊತೆಜೊತೆಗೇ ಕರೆಂಟ್ ಕೊಡುವ ಉಪಾಯವನ್ನು ಲಿಬರ್ಸನ್ ಎಂಬ ವೈದ್ಯರು 1961ರಲ್ಲೇ ತೋರಿಸಿದ್ದರು.

ಕುಂದಾಪುರದವ · ಮಂಗಳವಾರ ರಾತ್ರಿ

ನನಗೆ ಹೋದ ವರ್ಷ ಬಾಯಿ ಸೊಟ್ಟ ಆಗಿತ್ತು. ಬೆಲ್ಸ್ ಪಾಲ್ಸಿ. ಒಂದು ಕಣ್ಣು ಮುಚ್ಚಲಿಕ್ಕೆ ಆಗುತ್ತಿರಲಿಲ್ಲ. ನಲವತ್ತು ದಿನ ಮುಖಕ್ಕೆ ಕರೆಂಟ್ ಕೊಡಿಸಿದೆ. ಪೂರ್ತಿ ಗುಣವಾಯಿತು. ಕರೆಂಟಿನಿಂದಲೇ ಆದದ್ದು ಎಂದು ಎಲ್ಲರಿಗೂ ಹೇಳುತ್ತಾ ಇದ್ದೇನೆ. ಸರಿಯಾ?

ಕಾಪುವಿನ ಫಿಸಿಯೋ · ಮಂಗಳವಾರ ರಾತ್ರಿ

ಗುಣ ಆದದ್ದು ಕೇಳಿ ಸಂತೋಷ ಅಣ್ಣ. ಆದರೆ ಬೇರೆಯವರಿಗೆ ಹೇಳುವಾಗ ಸ್ವಲ್ಪ ಬದಲಾಯಿಸಿ. ಈ ರೋಗದಲ್ಲಿ ಏನೂ ಮಾಡದಿದ್ದರೂ ಹತ್ತರಲ್ಲಿ ಸುಮಾರು ಏಳು ಜನಕ್ಕೆ ಪೂರ್ತಿ ಗುಣವಾಗುತ್ತದೆ. ಕರೆಂಟಿನಿಂದ ಜಾಸ್ತಿ ಲಾಭ ಎಂಬುದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಗಟ್ಟಿ ಸಾಕ್ಷಿ ಇರುವುದು ಸ್ಟೀರಾಯ್ಡ್ ಮಾತ್ರೆಗೆ, ಅದೂ 72 ಗಂಟೆಯ ಒಳಗೆ ಶುರು ಮಾಡಿದರೆ. ಕರೆಂಟ್ ಕೊಡಿಸಲು ಓಡಿ ಆ ಮೂರು ದಿನ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಮುಖ ಸೊಟ್ಟ ಆದರೆ ಮೊದಲು ಡಾಕ್ಟ್ರ ಹತ್ತಿರ. ಸ್ಟ್ರೋಕ್ ಹೌದೋ ಅಲ್ಲವೋ ಎಂದೂ ಅವರೇ ನೋಡಬೇಕು. ಕಣ್ಣು ಒಣಗದ ಹಾಗೆ ಜಾಗ್ರತೆ ಮಾಡಬೇಕು.

ಕುಂದಾಪುರದವ · ಮಂಗಳವಾರ ರಾತ್ರಿ

ನನಗೂ ಮೊದಲ ವಾರ ಸ್ಟೀರಾಯ್ಡ್ ಕೊಟ್ಟಿದ್ದರು ಮೇಡಂ. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಇನ್ನು ಮೊದಲು ಅದನ್ನೇ ಹೇಳುತ್ತೇನೆ.

ಉಳ್ಳಾಲದ ತಮ್ಮ · ಬುಧವಾರ ಬೆಳಿಗ್ಗೆ

ನೋವು ಬಿಡಿ, ಗಾಯ ಮಾಗಲಿಕ್ಕೂ ಕರೆಂಟ್ ಕೊಡುತ್ತಾರೆ ಎಂದು ಕೇಳಿದೆ. ಅಜ್ಜ ಮಲಗಿದಲ್ಲೇ ಇದ್ದಾರೆ, ಸೊಂಟದ ಕೆಳಗೆ ಬೆಡ್‌ಸೋರ್ ಆಗಿ ಮೂರು ತಿಂಗಳು. ನಿಜವಾ?

ಮಣಿಪಾಲದ ವಿದ್ಯಾರ್ಥಿ · ಬುಧವಾರ ಮಧ್ಯಾಹ್ನ

ನಿಜ. ನಮ್ಮ ಚರ್ಮದ ಹೊರಗೂ ಒಳಗೂ ನಡುವೆ ಸಣ್ಣದೊಂದು ಬ್ಯಾಟರಿಯಂತೆ ವಿದ್ಯುತ್ ವ್ಯತ್ಯಾಸ ಇರುತ್ತದೆ. ಚರ್ಮ ಹರಿದರೆ ಅಲ್ಲಿಂದ ಕರೆಂಟ್ ಹೊರಗೆ ಸೋರುತ್ತದೆ. ಜರ್ಮನಿಯ ಎಮಿಲ್ ದು ಬೋಯಿಸ್ ರೇಮಂಡ್ 1843ರಲ್ಲೇ ತನ್ನದೇ ಬೆರಳಿನ ಗಾಯದಲ್ಲಿ ಅದನ್ನು ಅಳೆದಿದ್ದ. ಚರ್ಮದ ಜೀವಕೋಶಗಳು ಆ ವಿದ್ಯುತ್ತಿನ ಜಾಡು ಹಿಡಿದೇ ಗಾಯದ ಕಡೆಗೆ ಸರಿಯುತ್ತವೆ. ಹಳೆಯ ಗಾಯಗಳಲ್ಲಿ ಈ ಕರೆಂಟ್ ಬತ್ತಿಹೋಗಿರುತ್ತದೆ. ಅದನ್ನು ಹೊರಗಿನಿಂದ ಕೊಡುವುದು ಈ ಚಿಕಿತ್ಸೆ.

ಕಾಪುವಿನ ಫಿಸಿಯೋ · ಬುಧವಾರ ರಾತ್ರಿ

ಬೆಡ್‌ಸೋರ್ ಬಗ್ಗೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಇದನ್ನು ಒಪ್ಪುತ್ತವೆ, ಹಟಮಾರಿ ಗಾಯಗಳಿಗೆ. ಆದರೆ ಅದರ ಮೆಷಿನ್ ಬೇರೆ, ಗಾಯ ನೋಡುವ ಡಾಕ್ಟ್ರು, ನರ್ಸ್ ಜೊತೆಗಿದ್ದೇ ಮಾಡಬೇಕು. ಮನೆಯ ಟೆನ್ಸನ್ನು ಗಾಯದ ಮೇಲೆ ಅಂಟಿಸಬೇಡಿ. ಮೂಳೆಗೆ ಸೋಂಕು ಇಳಿದಿದ್ದರೆ ಇನ್ನೂ ಅಪಾಯ. ಮೂರು ತಿಂಗಳಿನ ಗಾಯ ಎಂದರೆ ಒಮ್ಮೆ ಸರ್ಜನ್ ನೋಡಲೇಬೇಕು. ಎರಡು ಗಂಟೆಗೊಮ್ಮೆ ಅಜ್ಜನ ಮಗ್ಗುಲು ಬದಲಾಯಿಸುತ್ತಾ ಇದ್ದೀರಾ? ರಾತ್ರಿಯೂ? ಊಟದಲ್ಲಿ ಮೊಟ್ಟೆ, ಮೀನು, ಬೇಳೆ ಉಂಟಾ? ಇದು ಸರಿ ಇಲ್ಲದೆ ಯಾವ ಕರೆಂಟೂ ಗಾಯ ಮುಚ್ಚುವುದಿಲ್ಲ.

ಉಳ್ಳಾಲದ ತಮ್ಮ · ಬುಧವಾರ ರಾತ್ರಿ

ರಾತ್ರಿ ಬದಲಾಯಿಸುತ್ತಿರಲಿಲ್ಲ ಅಕ್ಕ. ಇವತ್ತಿನಿಂದ ನಾನೂ ತಂಗಿಯೂ ಪಾಳಿ ಹಾಕಿಕೊಳ್ಳುತ್ತೇವೆ. ನಾಳೆ ವೆನ್ಲಾಕ್ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ.

ಬಿಜೈಯ ಮಗಳು · ಐದು ವಾರದ ನಂತರ

ಬರೆಯದೆ ತುಂಬಾ ದಿನ ಆಯಿತು. ಆ ಕ್ಲಿನಿಕ್ ಬಿಟ್ಟೆವು. ಬೇರೆ ಒಬ್ಬರು ಫಿಸಿಯೋ ಸಿಕ್ಕಿದರು. ಮೊದಲ ದಿನ ಅರ್ಧ ಗಂಟೆ ಬರೀ ನೋಡಿದರು. ಅಮ್ಮನನ್ನು ನಡೆಸಿದರು, ಕೂರಿಸಿದರು, ಮೆಟ್ಟಿಲು ಹತ್ತಿಸಿದರು, ಪಾದಕ್ಕೆ ಹತ್ತಿ ಸವರಿದರು. ಎಡಪಾದದಲ್ಲಿ ಸ್ಪರ್ಶ ಕಡಿಮೆ ಉಂಟಂತೆ, ಶುಗರ್ ಡಾಕ್ಟ್ರಿಗೆ ಚೀಟಿ ಕೊಟ್ಟರು. ಮೊಣಕಾಲಿನ ಹತ್ತಿರ ಸ್ಪರ್ಶ ಸರಿ ಉಂಟು.

ಟೆನ್ಸ್ ಮೆಷಿನ್ ತೆಗೆದುಕೊಂಡೆವು, ಅವರೇ ಸೆಟ್ಟಿಂಗ್ ತೋರಿಸಿದ ಮೇಲೆ. ದಿನಾ ಸಂಜೆ ಕಾಲು ತೊಳೆದು, ಎಣ್ಣೆ ಇಲ್ಲದೆ, ಇಪ್ಪತ್ತು ನಿಮಿಷ. ಚುಚ್ಚಬಾರದು, ಆದರೆ ಜೋರಾಗಿಯೇ ಜುಂ ಎನ್ನಬೇಕು, ಐದು ನಿಮಿಷ ಕಳೆದು ಕಡಿಮೆ ಅನಿಸಿದರೆ ಸ್ವಲ್ಪ ಏರಿಸಬೇಕು ಎಂದಿದ್ದಾರೆ. ಅಮ್ಮ ಮೊದಲು ಹೆದರಿ ಒಂದರಲ್ಲೇ ಇಡುತ್ತಿದ್ದರು, ಅದರಿಂದ ಪ್ರಯೋಜನ ಆಗುತ್ತಿರಲಿಲ್ಲ. ಬಿಚ್ಚಿದ ಕೂಡಲೇ ಟವೆಲ್ ಒತ್ತುವುದು, ಕಾಲು ಎತ್ತುವುದು, ಕುರ್ಚಿಯಿಂದ ಏಳುವುದು. ಮೊದಲ ವಾರ ಕುರ್ಚಿಯಿಂದ ಮೂರು ಸಲ ಎದ್ದು ಸಾಕು ಎಂದರು. ನಿನ್ನೆ ಹದಿನಾಲ್ಕು.

ನೋವು ಹೋಗಿಲ್ಲ. ಅಮ್ಮನನ್ನು ಕೇಳಿದರೆ ಅರ್ಧ ಆಗಿದೆ ಎನ್ನುತ್ತಾರೆ. ಆದರೆ ಸ್ಟೇಟ್ ಬ್ಯಾಂಕಿಗೆ ಹೋಗುವ ಸಿಟಿ ಬಸ್ಸಿನ ಮೆಟ್ಟಿಲು ಗೊತ್ತಲ್ಲ, ಎಷ್ಟು ಎತ್ತರ. ಮೊನ್ನೆ ಕಂಡಕ್ಟರ್ ಕೈ ಹಿಡಿಯುವ ಮೊದಲೇ ಹತ್ತಿದರು. ಬೀಡಿ ಈಗ ಕುರ್ಚಿಯಲ್ಲಿ ಕೂತು ಕಟ್ಟುತ್ತಾರೆ, ಅಪ್ಪ ಹಳೆಯ ಡೆಸ್ಕ್ ಕೊಯ್ದು ಅವರ ಎತ್ತರಕ್ಕೆ ಸರಿ ಮಾಡಿಕೊಟ್ಟಿದ್ದಾರೆ. ಅಪ್ಪ ಮೆಷಿನ್ ಮುಟ್ಟುವುದಿಲ್ಲ.

ಒಂದೇ ತೊಂದರೆ. ಈ ಮಳೆಗೆ ಪ್ಯಾಡ್ ಅಂಟುವುದೇ ಇಲ್ಲ.

ಪುತ್ತೂರಿನ ತೋಟದವ · ಅದೇ ದಿನ

ಅಕ್ಕ, ಬಳಸಿದ ಕೂಡಲೇ ಅದರ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ, ಪ್ಯಾಕೆಟಿಗೆ ಹಾಕಿ ಮುಚ್ಚಿ. ಬೆವರಿದ್ದರೆ ಮೊದಲು ಕಾಲು ಒರಸಿ, ಫ್ಯಾನಿನ ಕೆಳಗೆ ಎರಡು ನಿಮಿಷ ಕೂರಿಸಿ. ಅಂಟು ಒಣಗಿದ್ದರೆ ಬೆರಳಲ್ಲಿ ಒಂದು ಹನಿ ನೀರು ಸವರಿ. ಇಪ್ಪತ್ತು ಮೂವತ್ತು ಸಲ ಆದ ಮೇಲೆ ಹೊಸತು ತೆಗೆದುಕೊಳ್ಳಲೇಬೇಕು. ಅಂಚು ಎದ್ದ ಪ್ಯಾಡ್ ಒಂದೇ ಕಡೆ ಚುಚ್ಚುತ್ತದೆ, ನನಗೆ ಚರ್ಮ ಕೆಂಪಾಗಿತ್ತು.

ಬಿಜೈಯ ಮಗಳು · ಅದೇ ದಿನ

ಅಂಚು ಎದ್ದೇ ಉಂಟು ಅಣ್ಣ. ನಾಳೆ ಹೊಸತು ತರುತ್ತೇನೆ. ಇವತ್ತು ಮೆಷಿನ್ ಇಲ್ಲದೆಯೇ ಕುರ್ಚಿ ಮಾಡುತ್ತೇನೆ ಎಂದು ಅಮ್ಮ ಆಗಲೇ ಎದ್ದು ನಿಂತಿದ್ದಾರೆ.